ಪ್ಯಾರಮೀಸಿಯಂ ಒಳಗೆ ಮಿಡಿಯುವುದು ಹೃದಯವೇ?

ಪ್ರಶ್ನೆ: ಸೂಳೆಕೆರೆ ನೀರಿನ ಹನಿಯನ್ನು ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ ನೋಡಿದೆವು. ಪ್ಯಾರಮೀಸಿಯಂ ಒಳಗೆ ಗುಳ್ಳೆಯೊಂದು ಉಬ್ಬುತ್ತದೆ, ಪಟ್ಟನೆ ಮಾಯವಾಗುತ್ತದೆ, ಮತ್ತೆ ಉಬ್ಬುತ್ತದೆ. ಅದು ಹೃದಯವೇ? (ಪಿಯುಸಿ ವಿದ್ಯಾರ್ಥಿನಿ, ಚನ್ನಗಿರಿ)

ಅಲ್ಲ, ಪ್ಯಾರಮೀಸಿಯಂ ಒಂದೇ ಕೋಶದ ಜೀವಿ, ಅದರ ಮೈಯಲ್ಲಿ ರಕ್ತವೇ ಇಲ್ಲ. ಹರಿಹರದ ಹೊಳೆಯಲ್ಲಿ ಹರಿಗೋಲು ಜಿನುಗಿದರೆ ಅಂಬಿಗ ನೀರು ಮೊಗೆದು ಹೊರಚೆಲ್ಲುತ್ತಾನಲ್ಲ, ಆ ಗುಳ್ಳೆಯದೂ ಅದೇ ಕೆಲಸ. ಹೆಸರು ಕಾಂಟ್ರಾಕ್ಟೈಲ್ ವ್ಯಾಕ್ಯೂಲ್, ಅಂದರೆ ಸಂಕೋಚನಶೀಲ ರಸದಾನಿ.

ಕೆರೆನೀರಿನಲ್ಲಿ ಲವಣ ಕಡಿಮೆ, ಜೀವಕೋಶದೊಳಗೆ ಜಾಸ್ತಿ. ಹಾಗಾಗಿ ಅಭಿಸರಣೆಯಿಂದ ನೀರು ಬಿಡುವಿಲ್ಲದೆ ಒಳನುಗ್ಗುತ್ತದೆ. ಪ್ಯಾರಮೀಸಿಯಂ ಕಾಡೇಟಮ್ ಎಂಬ ಪ್ರಭೇದಕ್ಕೆ ಇಂಥ ರಸದಾನಿ ಎರಡು: ಮುಂದೊಂದು, ಹಿಂದೊಂದು. ಪ್ರತಿಯೊಂದರ ಸುತ್ತ ನಕ್ಷತ್ರದ ಕಿರಣಗಳಂತೆ ಸಣ್ಣ ನಾಳಗಳಿವೆ. ನಾಳಗಳು ನೀರು ಕೂಡಿಸಿ ಗುಳ್ಳೆಗೆ ತುಂಬುತ್ತವೆ, ಗುಳ್ಳೆ ಮೈಮೇಲಿನ ರಂಧ್ರದಿಂದ ಹೊರಹಾಕುತ್ತದೆ. ಇದಕ್ಕೆ ಎಟಿಪಿ, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಅಣು, ಖರ್ಚಾಗುತ್ತದೆ. ಸಯನೈಡಿನಂಥ ವಿಷ ಕೊಟ್ಟು ಶಕ್ತಿಯ ಪೂರೈಕೆ ನಿಲ್ಲಿಸಿದರೆ ಪಂಪು ನಿಂತು ಜೀವಿ ಊದಿಕೊಳ್ಳುತ್ತದೆ.

ಹೃದಯವಲ್ಲವೆಂದು ನೀವೇ ಪರೀಕ್ಷಿಸಬಹುದು. 100 ಮಿಲೀ ನೀರಿಗೆ 1 ಗ್ರಾಂ ಉಪ್ಪು ಕರಗಿಸಿ. ಸ್ಲೈಡಿನ ಮೇಲೆ ಕೆರೆನೀರಿನ ಒಂದು ಹನಿಗೆ ಅಷ್ಟೇ ದೊಡ್ಡ ಉಪ್ಪುನೀರಿನ ಹನಿ ಬೆರೆಸಿದರೆ ಸುಮಾರು 0.5 ಶೇಕಡಾ ಆಯಿತು. ಉಪ್ಪಿಲ್ಲದ ನೀರಿನಲ್ಲಿ ಆರೇಳು ಸೆಕೆಂಡಿಗೊಮ್ಮೆ ಖಾಲಿಯಾಗುತ್ತಿದ್ದ ಗುಳ್ಳೆ ಈಗ ನಿಧಾನವಾಗಿ ಹದಿನೆಂಟು ಸೆಕೆಂಡಿನ ಆಸುಪಾಸಿಗೊಮ್ಮೆ ಖಾಲಿಯಾಗಬಹುದು. ಒಳಬರುವ ನೀರು ಕಡಿಮೆ, ಹೊರಚೆಲ್ಲುವ ಕೆಲಸವೂ ಕಡಿಮೆ. ಜೀವಿ ಓಡಾಡಿ ಲೆಕ್ಕ ತಪ್ಪಿಸುತ್ತದೆ. ಹತ್ತಿಯ ನಾಲ್ಕೈದು ಎಳೆ ಹರಡಿದರೆ ಅವುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಬಹಳ ಮಂದಿ ಎಡವುವುದು ಇನ್ನೊಂದು ಕಡೆ: ಹತ್ತು ನಿಮಿಷ ದೀಪದ ಕೆಳಗಿಟ್ಟ ಹನಿ ಆರುತ್ತ ತಾನೇ ಉಪ್ಪಾಗುತ್ತದೆ, ಬಿಸಿಯೇರಿದರೆ ಮಿಡಿತ ಚುರುಕಾಗುತ್ತದೆ. ಎರಡೂ ಸೇರಿದರೆ ಎಣಿಕೆಗೆ ಅರ್ಥವಿಲ್ಲ. ಹಾಗಾಗಿ ಪ್ರತಿ ಸಲ ಹೊಸ ಹನಿ ತೆಗೆದುಕೊಳ್ಳಿ, ಒಂದು ಗುಳ್ಳೆ ಹತ್ತು ಸಲ ಖಾಲಿಯಾಗುವ ಸಮಯ ಅಳೆದು ಸರಾಸರಿ ಹಿಡಿಯಿರಿ.

ಸಮುದ್ರದ ಎಷ್ಟೋ ಏಕಕೋಶಜೀವಿಗಳಿಗೆ ಈ ಗುಳ್ಳೆಯೇ ಇಲ್ಲ, ಇದ್ದರೂ ನಿಧಾನ. ಬ್ಯಾಕ್ಟೀರಿಯಾದ ದಾರಿ ಬೇರೆ: ನೀರು ಹೊರಹಾಕುವ ಬದಲು ಗಟ್ಟಿಯಾದ ಕೋಶಭಿತ್ತಿ ಕಟ್ಟಿಕೊಂಡು ಒತ್ತಡ ತಡೆಯುತ್ತದೆ. ಪೆನಿಸಿಲಿನ್ ಆ ಗೋಡೆ ಕಟ್ಟಲು ಬಿಡದೆ ಕೋಶವನ್ನು ಒಡೆಸುತ್ತದೆ. ಉಪ್ಪಿನಕಾಯಿ ಭರಣಿಯಲ್ಲಿ ಸಮಸ್ಯೆ ತಿರುಗುಮುರುಗು, ಅಲ್ಲಿ ನೀರು ಕೋಶದಿಂದ ಹೊರಗೆ ಸೆಳೆದುಹೋಗುತ್ತದೆ.

ಉಪ್ಪಿನ ಗದ್ದೆಯ ಡುನಾಲಿಯೆಲ್ಲಾ ಪಾಚಿಗೆ ಮಾತ್ರ ಗಟ್ಟಿ ಗೋಡೆಯೂ ಇಲ್ಲ. ಅದು ಒಳಗೆ ಗ್ಲಿಸರಾಲ್ (ಗ್ಲಿಸರಿನ್) ತಯಾರಿಸಿ ಹೊರಗಿನ ಉಪ್ಪಿಗೆ ಸರಿದೂಗಿಸುತ್ತದೆ; ಮಳೆ ಬಿದ್ದು ನೀರು ತೆಳುವಾದರೆ ಆ ಗ್ಲಿಸರಾಲನ್ನು ಪಿಷ್ಟವಾಗಿ ಬದಲಿಸಿಟ್ಟುಕೊಳ್ಳುತ್ತದೆ.