ಮೊದಲು ಕೆಳಗಿನ ಟೋಟಲ್ ನೋಡಿ

ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್ ಬೋಟುಗಳು ಕಡಲಿಗೆ ಇಳಿಯುವುದಿಲ್ಲ ಅಲ್ವಾ, ಆಗ ಮಲ್ಪೆ ಕಡೆಯ ಮೀನು ವ್ಯಾಪಾರಿಗಳಿಗೆ ಹಳೆ ಲೆಕ್ಕ ನೋಡಲು ಪುರುಸೊತ್ತು. ಕಳೆದ ಮಳೆಗಾಲದಲ್ಲಿ ಒಬ್ಬರು ಹಳೆ ಲೆಕ್ಕದ ಡಾಟ್ ಮ್ಯಾಟ್ರಿಕ್ಸ್ (ಮಸಿ ರಿಬ್ಬನ್ನಿನ ಪ್ರಿಂಟರ್) ಪ್ರಿಂಟಿನ ದೊಡ್ಡ ಕಟ್ಟು ನನ್ನ ಹತ್ತಿರ ತಂದರು. ಅಂಚಿಗೆ ಬೂಷ್ಟು ಹಿಡಿದಿತ್ತು. "ಫೋಟೋ ಹೊಡೆದರೆ ಸೀದಾ ಎಕ್ಸೆಲ್‌ಗೆ ಬರುತ್ತದಂತಲ್ಲ?" ಅಂದರು.

ಬರುತ್ತದೆ. ಮೊಬೈಲಿನ ಎಕ್ಸೆಲ್ ಆ್ಯಪ್‌ನಲ್ಲೇ ಆ ಸೌಲಭ್ಯ ಇದೆ. ಆದರೆ ಬಂದದ್ದೆಲ್ಲ ಸರಿ ಅಂತ ಸುಮ್ನೆ ನಂಬಬೇಡಿ. ಹೆಸರು ತಪ್ಪಾದರೆ ಕಣ್ಣಿಗೆ ಬೀಳುತ್ತದೆ, ಬಂಗುಡೆ 'ಬಂಗುಡ' ಆದರೆ ಯಾರಿಗಾದರೂ ಗೊತ್ತಾಗುತ್ತದೆ. ಅಂಕೆ ತಪ್ಪಾದರೆ ಅದೂ ಒಂದು ಅಂಕೆಯೇ, ಗೊತ್ತೇ ಆಗುವುದಿಲ್ಲ.

ಹಾಗಾಗಿ ನಾನು ಒಂದೊಂದು ಪುಟ ಮುಗಿದ ಕೂಡಲೇ ಶೀಟಿನಲ್ಲಿ ಮೊತ್ತ ಕೂಡಿಸಿ, ಕಾಗದದ ಕೆಳಗಿರುವ ಟೋಟಲ್ ಜೊತೆ ತಾಳೆ ನೋಡುತ್ತೇನೆ. ಎಲ್ಲ ಪುಟ ಮುಗಿಸಿ ಕೊನೆಗೆ ನೋಡುತ್ತೇನೆ ಅಂದರೆ ತಪ್ಪು ಎಲ್ಲಿದೆ ಅಂತ ಹುಡುಕುವುದರಲ್ಲೇ ದಿನ ಹೋಗುತ್ತದೆ. ಎಷ್ಟು ವ್ಯತ್ಯಾಸ ಬಂತು ಅನ್ನುವುದೂ ದಾರಿ ತೋರಿಸುತ್ತದೆ. 5, 50, 500 ಬಂದರೆ 3 ಇದ್ದದ್ದು 8 ಆಗಿರಬಹುದು. 6, 60, 600 ಆದರೆ 1 ಮತ್ತು 7 ನೋಡಿ. ಕೈಯಲ್ಲಿ ಟೈಪ್ ಮಾಡಿದ ಪುಟದಲ್ಲಿ ವ್ಯತ್ಯಾಸ 9ರಿಂದ ಭಾಗವಾದರೆ ಎರಡು ಅಂಕೆ ಅದಲುಬದಲಾಗಿರುವ ಸಾಧ್ಯತೆ ಜಾಸ್ತಿ, 1,740 ಹೊಡೆಯುವ ಬದಲು 1,470 ಹೊಡೆದ ಹಾಗೆ.

ಆ ಕಟ್ಟಿನ ಒಂದು ಪುಟದಲ್ಲಿ ಸರಿಯಾಗಿ 500 ರೂಪಾಯಿ ಜಾಸ್ತಿ ಬಂತು. ಪಕ್ಕದ ಖಾಲಿ ಕಾಲಮ್ಮಿನಲ್ಲಿ ಕಿಲೋವನ್ನು ದರದಿಂದ ಗುಣಿಸಿದೆ. ಬಂಗುಡೆಯ ಸಾಲು ಸಿಕ್ಕಿಬಿತ್ತು: 6 ಕಿಲೋ, ದರ 230, ಮೊತ್ತ 1,880. ಇರಬೇಕಾದದ್ದು 1,380. ರಿಬ್ಬನ್ ಮಸಿ ಹರಡಿ 3ರ ಬಾಯಿ ಮುಚ್ಚಿತ್ತು, ಅಷ್ಟೇ.

ಬಿಲ್ ನಂಬರ್ ಮತ್ತು ತಾರೀಕಿನ ಕಾಲಮ್ಮುಗಳನ್ನು ಡೇಟಾ ಹಾಕುವ ಮೊದಲೇ ಟೆಕ್ಸ್ಟ್ ಫಾರ್ಮ್ಯಾಟ್‌ಗೆ ಬದಲಿಸಿಡಿ. ಇಲ್ಲದಿದ್ದರೆ 00452 ಬರೀ 452 ಆಗುತ್ತದೆ, ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ 5/6 ಎಂದು ಬರೆದ ಜೂನ್ 5 ಹೋಗಿ ಮೇ 6 ಆಗುತ್ತದೆ. ಕಾಗದ ಒದ್ದೆಯಿದ್ದರೆ ಒಣಗಿಸಿ, ಚಪ್ಪಟೆ ಮಾಡಿ, 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ. ಶೀಟಿನ ಮೊದಲ ಕಾಲಮ್ಮಿನಲ್ಲಿ ಪುಟದ ನಂಬರ್ ಇರಲಿ, ಸ್ಕ್ಯಾನ್ ಫೈಲಿಗೂ ಅದೇ ನಂಬರ್ ಕೊಡಿ. ಎರಡು ವರ್ಷ ಬಿಟ್ಟು ಯಾರೋ ಒಂದು ಸಾಲಿನ ಬಗ್ಗೆ ಕೇಳಿದರೂ ಮೂಲ ಕಾಗದವನ್ನು ಅರೆ ನಿಮಿಷದಲ್ಲಿ ತೆರೆದು ತೋರಿಸಬಹುದು.