ಮೇಲ್ಮನವಿಗೆ ಹೊಸ ಪತ್ರಗಳನ್ನು ಲಗತ್ತಿಸಿದರೆ ಸಾಕೇ?

ಪ್ರಶ್ನೆ: ಕೆನಡಾದಲ್ಲಿ ನನ್ನ ಪರಿಚಯದವರೊಬ್ಬರು ಆಶ್ರಯ ಕೋರಿ ಸಲ್ಲಿಸಿದ್ದ ಅರ್ಜಿಯನ್ನು ‘ಹೇಳಿಕೆ ನಂಬಲರ್ಹವಲ್ಲ’ ಎಂದು ತಿರಸ್ಕರಿಸಿದ್ದಾರೆ. ಊರಿನಿಂದ ಪತ್ರಗಳನ್ನು ತರಿಸಿ ಮೇಲ್ಮನವಿಗೆ ಲಗತ್ತಿಸಿದರೆ ಸಾಕೇ?

ಉತ್ತರ: ಸಾಲದು. ಅಲ್ಲಿನ ವಲಸೆ ಮತ್ತು ನಿರಾಶ್ರಿತರ ಮಂಡಳಿಯಲ್ಲಿ 2012ರ ಡಿಸೆಂಬರಿನಿಂದ ಕೆಲಸ ಮಾಡುತ್ತಿರುವ ಮೇಲ್ಮನವಿ ವಿಭಾಗವು ಇಡೀ ವಿಚಾರಣೆಯನ್ನು ಮೊದಲಿನಿಂದ ನಡೆಸುವುದಿಲ್ಲ. ಸಾಮಾನ್ಯವಾಗಿ ಮೊದಲು ಅರ್ಜಿಯನ್ನು ವಿಚಾರಿಸಿ ತಿರಸ್ಕರಿಸಿದ ಕೆಳಗಿನ ವಿಭಾಗದ ಕಡತವನ್ನೇ ಪರಿಶೀಲಿಸುತ್ತದೆ. ಅರ್ಜಿದಾರರು ಹೊಸ ಸಾಕ್ಷ್ಯ ಕೊಡಬೇಕಾದರೆ ಅದು ತಿರಸ್ಕಾರದ ನಂತರ ಹುಟ್ಟಿದ್ದಾಗಿರಬೇಕು, ಅಥವಾ ಆಗ ಸಿಗುವಂತಿರಲಿಲ್ಲ, ಇಲ್ಲವೇ ಆಗಿನ ಸಂದರ್ಭದಲ್ಲಿ ಅದನ್ನು ಅವರಿಂದ ನಿರೀಕ್ಷಿಸುವಂತಿರಲಿಲ್ಲ ಎಂದು ತೋರಿಸಬೇಕೆನ್ನುತ್ತದೆ ಕೆನಡಾದ ವಲಸೆ ಮತ್ತು ನಿರಾಶ್ರಿತರ ರಕ್ಷಣಾ ಕಾಯ್ದೆಯ 110(4)ನೇ ಉಪವಿಧಿ. ಬಹಳಷ್ಟು ಜನ ಎಡವುವುದು ಇಲ್ಲಿಯೇ. ಎರಡು ವರ್ಷದ ಹಿಂದಿನ ಹಲ್ಲೆಯ ಬಗ್ಗೆ ನೆರೆಯವರು ಕಳೆದ ವಾರ ಬರೆದುಕೊಟ್ಟ ಪತ್ರದಲ್ಲಿ ಕಾಗದ ಹೊಸದು, ಸಂಗತಿ ಹಳೆಯದು. ಮೊದಲೇ ಏಕೆ ತರಲಾಗಲಿಲ್ಲವೆಂಬುದಕ್ಕೆ ಒಪ್ಪುವಂಥ ಕಾರಣವಿಲ್ಲದಿದ್ದರೆ ಅದನ್ನು ಸಾಕ್ಷ್ಯವಾಗಿ ಸ್ವೀಕರಿಸುವುದೇ ಕಷ್ಟ.

ಹಾಗೆಂದು ಕಾಗದವಿಲ್ಲದವರ ಮಾತಿಗೆ ಬೆಲೆಯೇ ಇಲ್ಲವೆಂದಲ್ಲ. ಪ್ರಮಾಣ ಮಾಡಿ ಹೇಳಿದ್ದನ್ನು ಅನುಮಾನಿಸಲು ಕಾರಣವಿಲ್ಲದಿದ್ದರೆ ಸತ್ಯವೆಂದೇ ಭಾವಿಸಬೇಕೆಂಬ ತತ್ವ ಫೆಡರಲ್ ಮೇಲ್ಮನವಿ ನ್ಯಾಯಾಲಯದ 1979ರ ಮಾಲ್ಡೊನಾಡೊ ತೀರ್ಪಿನಿಂದ ಬಂದಿದೆ. ಆದರೆ ಸುಲಭವಾಗಿ ಸಿಗಬಹುದಾಗಿದ್ದ ದಾಖಲೆಯನ್ನು ತರದಿದ್ದರೆ, ಅದನ್ನು ಪಡೆಯಲು ಏನು ಪ್ರಯತ್ನ ಮಾಡಿದಿರೆಂದು ಕೇಳಿಯೇ ಕೇಳುತ್ತಾರೆ. ತಂದ ದಾಖಲೆಯೂ ತಿರುಗಿ ಬೀಳಬಹುದು: ಹಲ್ಲೆ ಏಪ್ರಿಲಿನಲ್ಲಿ ನಡೆಯಿತೆಂದು ಅರ್ಜಿಯಲ್ಲಿ ಬರೆದು, ಆ ಗಾಯಕ್ಕೇ ಮಾರ್ಚ್ ತಿಂಗಳ ಆಸ್ಪತ್ರೆ ಚೀಟಿ ಕೊಟ್ಟರೆ, ಆ ಚೀಟಿ ಇಲ್ಲದಿದ್ದರೇ ಒಳಿತಿತ್ತು ಎನ್ನುವ ಸ್ಥಿತಿ ಬರುತ್ತದೆ.

ನನ್ನ ಅಭಿಪ್ರಾಯದಲ್ಲಿ ಹೊಸ ಪತ್ರಗಳ ಕಟ್ಟಿಗಿಂತ ಹಳೆಯ ತೀರ್ಪನ್ನು ಸಾಲುಸಾಲಾಗಿ ಓದುವುದಕ್ಕೆ ಹೆಚ್ಚು ಸಮಯ ಕೊಡಬೇಕು. ಫೆಡರಲ್ ಮೇಲ್ಮನವಿ ನ್ಯಾಯಾಲಯದ 2016ರ ಹುರುಗ್ಲಿಕಾ ತೀರ್ಪಿನ ಪ್ರಕಾರ ಮೇಲ್ಮನವಿ ವಿಭಾಗವು ಕೆಳಗಿನ ನಿರ್ಣಯ ಸರಿಯೇ ಎಂದು ಸ್ವತಂತ್ರವಾಗಿ ತೂಗಬೇಕು. ಸಾಕ್ಷಿಯನ್ನು ಎದುರಿಗೇ ಕಂಡು ಕೇಳಿದ್ದರಿಂದ ಕೆಳಗಿನವರಿಗೆ ನಿಜವಾದ ಅನುಕೂಲವಿದ್ದಾಗ ಮಾತ್ರ ಅವರ ಅಭಿಪ್ರಾಯಕ್ಕೆ ಮನ್ನಣೆ ಕೊಡಬಹುದು. ‘ಪೊಲೀಸರು ಹೀಗೆ ನಡೆದುಕೊಳ್ಳಲಾರರು’ ಎಂಬಂಥ ಊಹೆಯಿಂದ ಹೇಳಿಕೆಯನ್ನು ತಳ್ಳಿಹಾಕುವುದು ತೀರಾ ಸ್ಪಷ್ಟವಾದ ಪ್ರಕರಣಗಳಲ್ಲಿ ಮಾತ್ರ ಸಲ್ಲುತ್ತದೆ.

ಕನ್ನಡದಲ್ಲಿ ಸಾಕ್ಷ್ಯ ನುಡಿದವರು ವಿಚಾರಣೆಯ ಧ್ವನಿಮುದ್ರಿಕೆಯನ್ನು ಮತ್ತೆ ಕೇಳಲೇಬೇಕು. ನಾವು ದೊಡ್ಡಪ್ಪನ ಮಗನನ್ನೂ ‘ಅಣ್ಣ’ ಎನ್ನುತ್ತೇವೆ. ದುಭಾಷಿ ಅದನ್ನು ಒಡಹುಟ್ಟಿದವನೆಂದು ಅನುವಾದಿಸಿದ್ದು, ಅರ್ಜಿಯಲ್ಲಿ ಅಣ್ಣತಮ್ಮಂದಿರಿಲ್ಲವೆಂದು ಬರೆದಿದ್ದರೆ, ಸುಳ್ಳೇ ಇಲ್ಲದ ಕಡೆ ವಿರೋಧಾಭಾಸ ಹುಟ್ಟಿಕೊಳ್ಳುತ್ತದೆ. ಮುದ್ರಿಕೆಯ ಯಾವ ನಿಮಿಷದಲ್ಲಿ ಯಾವ ಪದ ಬಂತು, ಅದಕ್ಕೆ ಸರಿಯಾದ ಅನುವಾದವೇನು ಎಂದು ಗುರುತಿಸಿ ಬರೆದ ಒಂದು ಪುಟಕ್ಕೆ ಹತ್ತು ಶಿಫಾರಸು ಪತ್ರಗಳಿಗಿಲ್ಲದ ಬಲವಿರುತ್ತದೆ.

ಮೌಖಿಕ ವಿಚಾರಣೆ ತಾನಾಗಿ ಸಿಗುವುದಿಲ್ಲ. ಸ್ವೀಕೃತವಾದ ಹೊಸ ಸಾಕ್ಷ್ಯವು ಅರ್ಜಿದಾರರ ಹೇಳಿಕೆ ನಂಬಲರ್ಹವೇ ಎಂಬುದರ ಕುರಿತು ಗಂಭೀರ ಪ್ರಶ್ನೆಯನ್ನೆತ್ತಿ, ಆ ಪ್ರಶ್ನೆಯೇ ನಿರ್ಣಯದ ಕೇಂದ್ರದಲ್ಲಿದ್ದು, ಆ ಸಾಕ್ಷ್ಯವನ್ನು ಒಪ್ಪಿದರೆ ಫಲಿತಾಂಶ ನಿರ್ಧಾರವಾಗುವಂತಿದ್ದರೆ ಮಾತ್ರ ವಿಭಾಗವು ಅದನ್ನು ನಡೆಸಬಹುದು.

ಎಲ್ಲಕ್ಕೂ ಮೊದಲು ನಿಮ್ಮ ಪರಿಚಯದವರು ತೀರ್ಪಿನ ಕೊನೆಯ ಸಾಲುಗಳನ್ನು ನೋಡಲಿ. ಅರ್ಜಿಗೆ ನಂಬಲರ್ಹ ಆಧಾರವೇ ಇಲ್ಲವೆಂದೋ, ಅದು ಸ್ಪಷ್ಟವಾಗಿ ನಿರಾಧಾರವೆಂದೋ ಅಲ್ಲಿ ಬರೆದಿದ್ದರೆ ಈ ವಿಭಾಗಕ್ಕೆ ಮೇಲ್ಮನವಿಯ ಹಕ್ಕೇ ಇರುವುದಿಲ್ಲ. ಆಗ ತೀರ್ಪಿನ ನ್ಯಾಯಾಂಗ ಪರಿಶೀಲನೆಗಾಗಿ ಫೆಡರಲ್ ನ್ಯಾಯಾಲಯದ ಅನುಮತಿ ಕೇಳಬೇಕಾಗುತ್ತದೆ. ಹಾಗಿಲ್ಲದಿದ್ದರೆ, ಲಿಖಿತ ಕಾರಣಗಳು ಕೈಸೇರಿದ 15 ದಿನಗಳೊಳಗೆ ಮೇಲ್ಮನವಿಯ ನೋಟಿಸ್ ಸಲ್ಲಿಕೆಯಾಗಬೇಕು.