ಪಿ0171: ಪೆಟ್ರೋಲ್ ಕಡಿಮೆ ಅಂದರೆ ಪ್ಲಸ್ ಯಾಕೆ?

ಕುಣಿಗಲ್ ದಾಟುವಾಗ ನನ್ನ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ಚಿತ್ರ ಹತ್ತಿಕೊಂಡಿತು. ಆಮೇಲಿನ ಎರಡು ವಾರ ಓದಿದ್ದು, ತಪ್ಪು ತಿಳಿದದ್ದು, ತಿದ್ದಿಕೊಂಡದ್ದು ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ದೀಪ

ಕೀ ತಿರುಗಿಸಿದಾಗ ಹತ್ತಿ, ಸ್ಟಾರ್ಟ್ ಆದಮೇಲೆ ಆರಿದರೆ ಅದು ಬಲ್ಬಿನ ಪರೀಕ್ಷೆ ಅಷ್ಟೆ. ಓಡುವಾಗ ಒಂದೇ ಸಮ ಉರಿಯುತ್ತಿದ್ದು ಗಾಡಿ ಸರಿಯಾಗಿ ಎಳೆಯುತ್ತಿದ್ದರೆ ಮನೆ ಸೇರಬಹುದು, ಬೇಗ ನೋಡಿಸಬೇಕು. ಮಿಣುಕಿದರೆ ಸಾಮಾನ್ಯವಾಗಿ ಜೋರು ಮಿಸ್‌ಫೈರ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು): ಉರಿಯದ ಪೆಟ್ರೋಲ್ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಅದು ಸುಟ್ಟರೆ ಜೇಬೂ ಸುಟ್ಟ ಹಾಗೆ. ಆಕ್ಸಿಲರೇಟರ್ ಬಿಟ್ಟು ಪಕ್ಕಕ್ಕೆ ನಿಲ್ಲಿಸಿ. ಕೆಂಪು ಆಯಿಲ್ ದೀಪದ ಕಥೆ ಬೇರೆ. ಅದಕ್ಕೆ ಆ ಕ್ಷಣವೇ ಎಂಜಿನ್ ಆಫ್.

ಕೋಡ್

ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ನೇಹಿತನ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿದಾಗ ಬಂದದ್ದು ಪಿ0171. ‘ಪಿ’ ಅಂದರೆ ಎಂಜಿನ್-ಗೇರ್‌ಬಾಕ್ಸ್ ಕಡೆಯದು. ಆಮೇಲಿನ 0 ಅಂದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥದ ಕೋಡ್. ಮೂರನೆಯ ಅಕ್ಷರ ಜಾತಿ ಹೇಳುತ್ತದೆ: 1 ಗಾಳಿ-ಇಂಧನ, 3 ಇಗ್ನಿಷನ್, 4 ಹೊಗೆ ನಿಯಂತ್ರಣ. ಒಟ್ಟಿನಲ್ಲಿ, ‘ಮಿಶ್ರಣ ಲೀನ್’. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ.

ಗ್ಯಾರೇಜಿನಲ್ಲಿ ತೋರಿಸಿದ್ದಕ್ಕೆ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡುವುದು) ಬದಲಿಸಿ ಅಂದರು. ಕೋಡ್ ಆ ಮಾತು ಹೇಳಿಯೇ ಇರಲಿಲ್ಲ. ಸೆನ್ಸರ್ ಬರೀ ಚಾಡಿ ಹೇಳಿದ್ದು, ತಪ್ಪು ಮಾಡಿದವರು ಬೇರೆ ಯಾರೋ.

ನಾನು ಮುಗ್ಗರಿಸಿದ ಜಾಗ

ಸ್ಕ್ಯಾನರಿನಲ್ಲಿ ‘ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್’ ಅಂತ ಒಂದು ಸಂಖ್ಯೆ ಇತ್ತು: +23%. ಕೋಡ್ ಪೆಟ್ರೋಲ್ ಕಡಿಮೆ ಅನ್ನುತ್ತದೆ, ಸಂಖ್ಯೆ ಪ್ಲಸ್ ಅನ್ನುತ್ತದೆ. ಪ್ಲಸ್ ಅಂದರೆ ಜಾಸ್ತಿ ಅಲ್ಲವೇ? ಹಾಗಾದರೆ ಸ್ಕ್ಯಾನರ್ರೇ ಕೆಟ್ಟಿದೆ ಅಂದುಕೊಂಡು ಎರಡು ದಿನ ಹಾಳು ಮಾಡಿದೆ.

ಬಿಡಿಸಿದ್ದು ಅಡುಗೆಮನೆ. ಸಾರು ಸಪ್ಪೆ ಅನ್ನಿಸಿದರೆ ಅಮ್ಮ ಉಪ್ಪು ಹಾಕುತ್ತಾರೆ. ಟ್ರಿಮ್ ಅನ್ನುವುದು ಸಾರಿನ ರುಚಿ ಅಲ್ಲ, ಅಮ್ಮನ ಕೈ. +23 ಅಂದರೆ ‘ಸಾರು ಉಪ್ಪಾಗಿದೆ’ ಅಂತಲ್ಲ; ‘ದಿನಾ ಹಾಕುವುದಕ್ಕಿಂತ 23% ಜಾಸ್ತಿ ಉಪ್ಪು ಹಾಕುತ್ತಿದ್ದೇನೆ, ಹಾಕದಿದ್ದರೆ ಬಾಯಿಗಿಡಲಾಗದು’ ಅಂತ. ಎಂಜಿನ್ ಕಂಪ್ಯೂಟರೂ ಹಾಗೇ: ಲೆಕ್ಕದ ಪ್ರಕಾರ 10 ಪಾಲು ಪೆಟ್ರೋಲ್ ಬಿಡಬೇಕಾದಲ್ಲಿ 12.3 ಪಾಲು ಬಿಡುತ್ತಿದೆ. ಮಿಶ್ರಣ ಎಷ್ಟು ಲೀನ್ ಕಡೆಗೆ ಎಳೆಯುತ್ತದೋ ಟ್ರಿಮ್ ಅಷ್ಟು ಪ್ಲಸ್, ರಿಚ್ (ಪೆಟ್ರೋಲ್ ಹೆಚ್ಚು) ಕಡೆಗೆ ಎಳೆದರೆ ಮೈನಸ್. ಕೈಗೂ ಮಿತಿ ಇದೆ. ಸುಮಾರು 25ರ ಆಸುಪಾಸಿನಲ್ಲಿ (ಕಾರಿನಿಂದ ಕಾರಿಗೆ ಬೇರೆ) ‘ಇನ್ನು ನನ್ನ ಕೈಲಾಗದು’ ಅಂತ ದೀಪ ಹಚ್ಚುತ್ತದೆ.

ಶಾರ್ಟ್ ಟರ್ಮ್ ಟ್ರಿಮ್ ಆ ಕ್ಷಣದ ಚಿಟಿಕೆ, ಲಾಂಗ್ ಟರ್ಮ್ ರೂಢಿಯಾದ ಅಳತೆ. ಎರಡನ್ನೂ ಕೂಡಿಸಿಯೇ ಓದಬೇಕು.

ಇನ್ನೊಂದು ಮಾತು: ಬಂಕಿನ ಪೆಟ್ರೋಲಿನಲ್ಲಿ ಈಗ 20% ಎಥನಾಲ್. ಒಂದು ಪಾಲು ಬರೀ ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥನಾಲಿಗೆ ಸುಮಾರು 9 ಸಾಕು. ಅಂದರೆ ಅಷ್ಟೇ ಗಾಳಿಗೆ ಇಂಧನ ಹೆಚ್ಚು ಬೇಕು, ಹಾಗಾಗಿ ಹಳೆಯ ಕಾರಿನ ಟ್ರಿಮ್ ಸ್ವಲ್ಪ ಪ್ಲಸ್ ಕಡೆ ವಾಲುವುದು ಸಹಜ. +5 ನೋಡಿ ಹೆದರಬೇಡಿ.

ಕಳ್ಳನನ್ನು ಹಿಡಿಯುವ ಉಪಾಯ

ನನಗೆ ತುಂಬ ಹಿಡಿಸಿದ್ದು ಇದು. ಬಿಸಿ ಎಂಜಿನ್ನಿನಲ್ಲಿ ಟ್ರಿಮ್ ಎರಡು ಸಲ ಬರೆದುಕೊಳ್ಳಿ: ಒಮ್ಮೆ ಐಡ್ಲಿಂಗಿನಲ್ಲಿ (ಆಕ್ಸಿಲರೇಟರ್ ಒತ್ತದೆ), ಒಮ್ಮೆ 2500 ಆರ್‌ಪಿಎಂನಲ್ಲಿ ಅರ್ಧ ನಿಮಿಷ ಹಿಡಿದು. ನನ್ನದು ಐಡ್ಲಿಂಗಿನಲ್ಲಿ +23, 2500ರಲ್ಲಿ +7.

ಅಂದರೆ ಎಲ್ಲೋ ಕದ್ದು ಗಾಳಿ ನುಗ್ಗುತ್ತಿದೆ. ಮತ್ತೆ ಸಾರಿಗೇ ಬರುತ್ತೇನೆ. ಕಾಲು ಚೊಂಬು ನೀರು ಮನೆಯ ಪಾತ್ರೆಗೆ ಬಿದ್ದರೆ ಸಾರು ಕೆಡುತ್ತದೆ, ಮದುವೆಮನೆಯ ಕೊಪ್ಪರಿಗೆಗೆ ಬಿದ್ದರೆ ಗೊತ್ತೇ ಆಗದು. ಐಡ್ಲಿಂಗಿನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಡಿಮೆ, ಅದರಲ್ಲಿ ಸೋರಿಕೆಯ ಪಾಲು ದೊಡ್ಡದು. ವೇಗ ಏರಿದಾಗ ಮುಳುಗಿಹೋಗುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಎಂಜಿನ್ ಮೇಲೆ ಭಾರ ಬಿದ್ದಷ್ಟೂ ಪ್ಲಸ್ ಏರಿದರೆ ಫ್ಯೂಯಲ್ ಪಂಪ್, ಫಿಲ್ಟರ್ ಕಡೆ ನೋಡಬೇಕು.

ಒಂದು ಎಚ್ಚರಿಕೆ. ಒಳಬರುವ ಗಾಳಿಯನ್ನು ನೇರವಾಗಿ ಅಳೆಯುವ ‘ಮಾಫ್’ ಸೆನ್ಸರ್ ಇರುವ ಕಾರಿಗೆ ಈ ಉಪಾಯ ಸರಿ, ನನ್ನದು ಅಂಥದ್ದು. ಎಷ್ಟೋ ಸಣ್ಣ ಕಾರುಗಳಲ್ಲಿ ಮ್ಯಾನಿಫೋಲ್ಡಿನ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡ ನೋಡುವ ‘ಮ್ಯಾಪ್’ ಸೆನ್ಸರ್ ಮಾತ್ರ ಇರುತ್ತದೆ. ಅಲ್ಲಿ ಕಳ್ಳಗಾಳಿಯೂ ಲೆಕ್ಕಕ್ಕೆ ಸಿಗುವುದರಿಂದ ಲೀನ್ ಕೋಡ್ ಬರುವ ಬದಲು ಐಡ್ಲಿಂಗ್ ಏರಿಬಿಡಬಹುದು.

ಬಾನೆಟ್ ಎತ್ತಿ, ರೇಡಿಯೇಟರ್ ಫ್ಯಾನ್ ನಿಂತಾಗ ಕಿವಿಗೊಟ್ಟೆ. ಥ್ರಾಟಲ್ ಬಾಡಿಯ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ಹಿಂದಿನಿಂದ ಸಣ್ಣಗೆ ‘ಸ್ಸ್’. ಹೆಬ್ಬೆರಳಿನ ದಪ್ಪದ ರಬ್ಬರ್ ಹೋಸ್, ಕ್ಲಾಂಪಿನ ಕೆಳಗೆ ಉಗುರಿನಷ್ಟು ಸೀಳು. ಬೆರಳಿಂದ ಒತ್ತಿದರೆ ಸದ್ದು ನಿಲ್ಲುತ್ತಿತ್ತು, ಸ್ಕ್ಯಾನರಿನಲ್ಲಿ ಶಾರ್ಟ್ ಟರ್ಮ್ ಇಳಿಯುತ್ತಿತ್ತು. ಹೊಸ ಹೋಸಿಗೆ 180 ರೂಪಾಯಿ.

ಅಳಿಸುವ ಮುಂಚೆ

‘ಕ್ಲಿಯರ್’ ಒತ್ತುವ ಆತುರ ಬೇಡ. ಕೋಡಿನ ಜೊತೆಗೆ ಫ್ರೀಜ್ ಫ್ರೇಮ್ ಕೂಡ ಅಳಿಸಿಹೋಗುತ್ತದೆ. ತೊಂದರೆ ಸಿಕ್ಕಿಬಿದ್ದಾಗ ಆರ್‌ಪಿಎಂ, ಬಿಸಿ, ಟ್ರಿಮ್ ಎಷ್ಟಿತ್ತು ಅನ್ನುವ ದಾಖಲೆ ಅದು. ಮೊದಲು ಫೋಟೋ ತೆಗೆದಿಡಿ. ನಾನಂತೂ ಅಳಿಸಲೇ ಇಲ್ಲ. ಸಾಮಾನ್ಯವಾಗಿ ಮೂರು ಓಡಾಟಗಳಲ್ಲಿ ಅದೇ ತೊಂದರೆ ಮತ್ತೆ ಕಾಣದಿದ್ದರೆ ದೀಪ ತಾನೇ ಆರುತ್ತದೆ. ನನ್ನದು ನಾಲ್ಕನೆಯ ಬೆಳಿಗ್ಗೆ ಆರಿತ್ತು, ಐಡ್ಲಿಂಗಿನಲ್ಲಿ ಟ್ರಿಮ್ +4.